ನಿಂಬೆ ಹಾರಿಹೋದ ಮೇಲೆ ಉಳಿಯುವ ಘಮ

ನಿಂಬೆ, ಕಿತ್ತಳೆ, ಬರ್ಗಮಾಟ್ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಗೆ ರೋಸ್‌ಮೇರಿ, ಲ್ಯಾವೆಂಡರ್, ಕಾಮಕಸ್ತೂರಿಯಂಥ ಸೊಪ್ಪಿನ ಘಮ ಸೇರಿಸಿ ಮಾಡಿದ ಪರ್ಫ್ಯೂಮುಗಳಿಗೆ ಸಿಟ್ರಸ್ ಅರೋಮ್ಯಾಟಿಕ್ ಎನ್ನುತ್ತಾರೆ. ಗಂಡಸರು ಹೆಂಗಸರು ಇಬ್ಬರೂ ಹಾಕಿಕೊಳ್ಳುವ ಯೂನಿಸೆಕ್ಸ್ ಬಾಟಲಿಗಳಲ್ಲಿ ಈ ಬಗೆಯವು ಬಹಳ. ಇವುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಗೆಳತಿಯೊಬ್ಬಳು ಯೂನಿಸೆಕ್ಸ್ ಸಿಟ್ರಸ್ ಪರ್ಫ್ಯೂಮ್ ಉಡುಗೊರೆ ಕೊಟ್ಟು, "ನಿನ್ನ ಸ್ವಭಾವಕ್ಕೆ ಸರಿಯಾಗಿ ಹೊಂದುತ್ತೆ" ಅಂದಳು. ಪರ್ಫ್ಯೂಮಿಗೂ ವ್ಯಕ್ತಿತ್ವಕ್ಕೂ ನಿಜಕ್ಕೂ ನಂಟಿದೆಯೇ? ಈ ಘಮ ಯಾವ ಬಗೆಯ ಮನುಷ್ಯರನ್ನು ಕಣ್ಮುಂದೆ ತರುತ್ತದೆ?

ಉತ್ತರ: ಹಾಕಿಕೊಂಡವರ ಒಳಗೇನಿದೆ ಎಂದು ಯಾವ ಪರ್ಫ್ಯೂಮೂ ಹೇಳಲಾರದು. ಆದರೆ ಎದುರಿಗಿದ್ದವರ ಮನಸ್ಸಿನಲ್ಲಿ ಒಂದು ಚಿತ್ರ ಮೂಡುವುದಂತೂ ನಿಜ. ಸಿಟ್ರಸ್ ಎಂದಕೂಡಲೇ ಬರುವ ಚಿತ್ರ ಎಲ್ಲರಿಗೂ ಗೊತ್ತಿರುವಂಥದ್ದೇ: ಈಗಷ್ಟೇ ಸ್ನಾನ ಮಾಡಿ ಬಂದವರು, ಚುರುಕಾದವರು, ಮುಚ್ಚುಮರೆ ಇಲ್ಲದವರು. ಸೋಪು, ಶಾಂಪೂ, ನೆಲ ಒರೆಸುವ ದ್ರವಗಳಿಗೆಲ್ಲ ದಶಕಗಳಿಂದ ನಿಂಬೆಯ ವಾಸನೆ ಬೆರೆಸುತ್ತಾ ಬಂದಿರುವುದರಿಂದ, ನಿಂಬೆ ಅಂದರೆ ಶುಚಿ ಎಂದು ನಮ್ಮ ಮೂಗು ಕಲಿತುಬಿಟ್ಟಿದೆ. ಈ ಕಲಿಕೆಯೇ ಒಮ್ಮೊಮ್ಮೆ ತಿರುಗಿ ಬೀಳುತ್ತದೆ. ಸೊಪ್ಪಿನ ಅಂಶ ಕಡಿಮೆಯಾಗಿ, ನಿಂಬೆಯ ಚುರುಕು ವಾಸನೆಗೆ ಕಾರಣವಾದ ಸಿಟ್ರಾಲ್ ಜಾಸ್ತಿಯಾದರೆ ಪಾತ್ರೆ ತೊಳೆಯುವ ದ್ರವವೇ ನೆನಪಾಗುತ್ತದೆ.

ವ್ಯಕ್ತಿತ್ವ ಎನ್ನುವುದು ಶುರುವಾಗುವುದು ಹಣ್ಣಿನ ಜೊತೆ ಬಂದ ಸೊಪ್ಪಿನಿಂದ. ರೋಸ್‌ಮೇರಿಯಲ್ಲಿ ಕರ್ಪೂರದ ತಂಪಿದೆ. ಅದು ಸೇರಿದರೆ ಘಮ ಎಚ್ಚರವಾಗಿ, ನೆಟ್ಟಗೆ ನಿಂತಂತೆ ಅನಿಸುತ್ತದೆ. ಕಾಮಕಸ್ತೂರಿ ಹಸಿರು ಹಸಿರಾಗಿ, ಕೊಂಚ ಸೋಂಪಿನ ಛಾಯೆ ಇಟ್ಟುಕೊಂಡು ತುಂಟತನ ಕೊಡುತ್ತದೆ. ಲ್ಯಾವೆಂಡರ್ ಅದೇ ನಿಂಬೆಯನ್ನು ಮೆದುವಾಗಿ, ಅಚ್ಚುಕಟ್ಟಾಗಿ ಮಾಡುತ್ತದೆ. ಏಲಕ್ಕಿ ಬೆಚ್ಚಗಿನ ಆಪ್ತತೆ ತರುತ್ತದೆ. ಕಹಿ ಕಿತ್ತಳೆಯ ಎಲೆ ಮತ್ತು ಎಳೆ ಕಡ್ಡಿಗಳನ್ನು ಭಟ್ಟಿ ಇಳಿಸಿ ತೆಗೆಯುವ ಪೆಟಿಗ್ರೇನ್ ಎಣ್ಣೆಗೆ ಒಗರೂ ಕಹಿಯೂ ಇದೆ; ಸಿಹಿಯನ್ನು ಕತ್ತರಿಸಿ, ಗಂಭೀರವಾಗಿ ಮಾತಾಡುವವರ ಚಿತ್ರ ಕೊಡುವುದು ಅದೇ. ಪುದೀನವನ್ನು ಮಾತ್ರ ಬಹಳ ಎಚ್ಚರಿಕೆಯಿಂದ ಬಳಸಬೇಕು. ಸ್ವಲ್ಪ ಹೆಚ್ಚಾದರೂ ಟೂತ್‌ಪೇಸ್ಟ್.

ಮೂರು ಪ್ರಸಿದ್ಧ ಪರ್ಫ್ಯೂಮುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲನೆಯದು ಇಟಲಿ ಮೂಲದ ಯೊಹಾನ್ ಮರಿಯಾ ಫರೀನಾ ಜರ್ಮನಿಯ ಕಲೋನ್ ನಗರದಲ್ಲಿ ತಯಾರಿಸಿದ ಸುಗಂಧಜಲ; ಆತನ ಮನೆತನದ ಸಂಸ್ಥೆ 1709ರದು. ಇಟಲಿಯಲ್ಲಿ ಮಳೆ ನಿಂತ ಮೇಲಿನ ವಸಂತದ ಬೆಳಗನ್ನು ನೆನಪಿಸುವ ಘಮ ಸಿಕ್ಕಿತೆಂದು ಆತ ಅಣ್ಣನಿಗೆ ಬರೆದ ಪತ್ರ ಪ್ರಸಿದ್ಧ. ಓ ದ ಕಲೋನ್ ಎಂಬ ಹೆಸರು ಬಂದದ್ದೇ ಆ ಊರಿನಿಂದ. ಹಗುರ, ಚುರುಕು, ಬೇಗ ಮಾಯವಾಗುವ ಗುಣ ಅದರದು. ಬಂದು ಕುಶಲ ವಿಚಾರಿಸಿ ಹೊರಟುಬಿಡುವ ಅತಿಥಿಯ ಹಾಗೆ. ಎಡ್ಮಂಡ್ ರೂಡ್ನಿಟ್ಸ್ಕಾ 1966ರಲ್ಲಿ ಡಿಯೊರ್ ಸಂಸ್ಥೆಗಾಗಿ ರಚಿಸಿದ ಓ ಸೊವಾಜ್‌ನಲ್ಲಿ ನಿಂಬೆ, ರೋಸ್‌ಮೇರಿ, ಕಾಮಕಸ್ತೂರಿಗಳ ಕೆಳಗೆ, ಅಂದರೆ ಅವು ಹಾರಿಹೋದ ಮೇಲೆ ಉಳಿಯುವಂತೆ, ಲಾವಂಚ ಮತ್ತು ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವು ಇವೆ. ನಡುವೆ ಹೆಡಿಯೋನ್ ಎಂಬ, ಮಲ್ಲಿಗೆಯ ತೆಳು ನೆರಳಿನಂಥ ವಸ್ತುವಿದೆ. ನಗುಮುಖವಾದರೂ ಒಳಗೆ ತೂಕವಿರುವ ವ್ಯಕ್ತಿಯ ಚಿತ್ರ ಅದು. ಗಂಡಸರಿಗೆಂದು ಮಾರಿದರೂ ಹೆಂಗಸರೂ ಅದನ್ನು ಹಾಕಿಕೊಂಡರು. ಮೂರನೆಯದು 1994ರಲ್ಲಿ ಆಲ್ಬೆರ್ಟೊ ಮೊರಿಯಾಸ್ ಮತ್ತು ಹ್ಯಾರಿ ಫ್ರೆಮೊಂಟ್ ಮಾಡಿದ, ಕ್ಯಾಲ್ವಿನ್ ಕ್ಲೈನ್‌ನ ಸಿಕೆ ವನ್. ಅದು ಶುರುವಿನಿಂದಲೇ ಇಬ್ಬರಿಗೂ ಎಂದು ಹೊರಬಂದದ್ದು. ಬರ್ಗಮಾಟ್, ಏಲಕ್ಕಿ, ಹಸಿರು ಚಹಾದ ಕೆಳಗೆ ಶುಭ್ರವಾದ ಮಸ್ಕ್, ಅಂದರೆ ಕಸ್ತೂರಿಯಂಥ ಘಮ. ಒಗೆದು ಒಣಗಿಸಿದ ಬಿಳಿ ಟೀಶರ್ಟು ಹಾಕಿಕೊಂಡು ಯಾವ ಗುಂಪಿಗೂ ಸಲೀಸಾಗಿ ಸೇರಿಕೊಳ್ಳುವವರ ಸ್ವಭಾವ ಅದರದು.

ಮೂರರಲ್ಲೂ ಮೊದಲ ಹತ್ತು ನಿಮಿಷ ಹೆಚ್ಚುಕಡಿಮೆ ಒಂದೇ ಬಂಧುಬಳಗ. ಎರಡನೇ ಗಂಟೆಯಲ್ಲಿ ಮೂವರೂ ಬೇರೆ ಬೇರೆ ಮನುಷ್ಯರು. ಹಾಗಾಗಿ ನಿಮ್ಮ ಗೆಳತಿ ಕೊಟ್ಟಿದ್ದು ನಿಮಗೆ ಹೊಂದುತ್ತದೋ ಇಲ್ಲವೋ ಎಂದು ಮುಚ್ಚಳ ತೆಗೆದ ತಕ್ಷಣ ತೀರ್ಮಾನಿಸಬೇಡಿ. ಬೆಳಗ್ಗೆ ಮುಂಗೈಗೆ ಒಂದು ಸಲ ಸಿಂಪಡಿಸಿ, ಎರಡು ಗಂಟೆ ಬಿಟ್ಟು ಮೂಸಿ ನೋಡಿ. ಆಗ ಉಳಿದಿರುವ ಘಮದ ಜೊತೆ ಇಡೀ ದಿನ ಕಳೆಯಲು ನಿಮಗೆ ಖುಷಿಯಿದ್ದರೆ ಅದು ನಿಮ್ಮದೇ.

ಪ್ರಶ್ನೆ: ಎಷ್ಟು ಒಳ್ಳೆಯ ಸಿಟ್ರಸ್ ಪರ್ಫ್ಯೂಮ್ ತಂದರೂ ಒಂದು ಗಂಟೆಯಲ್ಲಿ ಘಮ ಹೋಗಿಬಿಡುತ್ತದೆ. ನಕಲಿ ಮಾಲೇ? ಹೆಚ್ಚು ಹೊತ್ತು ಉಳಿಸಲು ಏನು ಮಾಡಬೇಕು?

ಉತ್ತರ: ಬೇಗ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ನಕಲಿ ಎನ್ನಬೇಡಿ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಲಿಮೊನೀನ್ ಎಂಬ ವಸ್ತು. ಅದರ ಅಣುತೂಕ ಕೇವಲ 136. ಮೈಶಾಖಕ್ಕೆ ಅದು ಹದಿನೈದು, ಇಪ್ಪತ್ತು ನಿಮಿಷದಲ್ಲೇ ಬಹುಪಾಲು ಹಾರಿಹೋಗುತ್ತದೆ. ಬರ್ಗಮಾಟ್ ಎಣ್ಣೆಯಲ್ಲಿ ಲಿಮೊನೀನ್ ಜೊತೆಗೆ ಲಿನಾಲಿಲ್ ಅಸಿಟೇಟ್ ಎಂಬ ಸ್ವಲ್ಪ ಭಾರದ ವಸ್ತುವೂ ಧಾರಾಳವಾಗಿರುವುದರಿಂದ ಅದು ನಿಂಬೆ, ಕಿತ್ತಳೆಗಿಂತ ತುಸು ಹೆಚ್ಚು ಬಾಳುತ್ತದೆ. ಇನ್ನು ಮಸ್ಕ್‌ಗಳ ಅಣುತೂಕ 240, 260ರ ಆಸುಪಾಸು. ಅವು ಬಟ್ಟೆಯ ಮೇಲೆ ಮರುದಿನವೂ ಇರುತ್ತವೆ.

ಬಾಟಲಿಯ ಮೇಲಿನ ಹೆಸರನ್ನೂ ಗಮನಿಸಿ. ಓ ದ ಕಲೋನ್‌ನಲ್ಲಿ ಸುಗಂಧದ ಪಾಲು ಸಾಮಾನ್ಯವಾಗಿ ನೂರಕ್ಕೆ 2ರಿಂದ 5, ಓ ದ ಟಾಯ್ಲೆಟ್‌ನಲ್ಲಿ 5ರಿಂದ 15, ಓ ದ ಪರ್ಫ್ಯೂಮ್‌ನಲ್ಲಿ 15ರಿಂದ 20. ಕಲೋನ್ ಆದರೆ ಎರಡು ಗಂಟೆ, ಟಾಯ್ಲೆಟ್ ಆದರೆ ಮೂರರಿಂದ ಐದು ಗಂಟೆ ಬಂದರೆ ಅದು ತನ್ನ ಕೆಲಸ ಸರಿಯಾಗಿ ಮಾಡಿದೆ ಎಂದೇ ಅರ್ಥ. ಇದಕ್ಕೆ ಪರಿಹಾರವೆಂದು "ಇಂಟೆನ್ಸ್" ಎಂಬ ಬಾಟಲಿ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಪ್ರಮಾಣ ಎಷ್ಟೇ ಏರಿಸಿದರೂ ನಿಂಬೆಯ ಆಯುಷ್ಯ ಅಷ್ಟೇ ಏರುವುದಿಲ್ಲ. ಅದಕ್ಕೇ ತಯಾರಕರು ಕೆಳಗಿನ ಮರ, ಅಂಬರ್, ಮಸ್ಕ್‌ಗಳನ್ನು ಹೆಚ್ಚಿಸುತ್ತಾರೆ. ಹೆಸರು ಅದೇ ಇದ್ದರೂ ಸ್ವಭಾವ ಬದಲಾಗಿರುತ್ತದೆ. ಹಗುರತನಕ್ಕಾಗಿ ಮೆಚ್ಚಿದ ಘಮವನ್ನು ಭಾರವಾಗಿಸಿ ಕೊಳ್ಳುವ ಬದಲು, ಹಗುರವಾದದ್ದನ್ನೇ ದಿನಕ್ಕೆ ಎರಡು ಸಲ ಹಾಕಿಕೊಳ್ಳುವುದು ಮೇಲು.

ಹಾಕಿಕೊಳ್ಳುವ ಕ್ರಮ ಹೀಗಿರಲಿ. ಸ್ನಾನದ ನಂತರ ವಾಸನೆಯಿಲ್ಲದ ಲೋಷನ್ ಸವರಿ ಐದು ನಿಮಿಷ ಬಿಡಿ. ಒಣಚರ್ಮದ ಮೇಲೆ ಎಣ್ಣೆಯ ಆಸರೆ ಇರುವುದಿಲ್ಲ, ಘಮ ಬೇಗ ಆವಿಯಾಗುತ್ತದೆ. ಆಮೇಲೆ 10ರಿಂದ 15 ಸೆಂಟಿಮೀಟರ್ ದೂರದಿಂದ ಎದೆಗೆ ಎರಡು, ಕತ್ತಿನ ಹಿಂಭಾಗಕ್ಕೆ ಒಂದು, ಮೊಣಕೈಯ ಒಳಮಡಿಕೆಗಳಿಗೆ ಒಂದೊಂದು ಸಲ ಸಿಂಪಡಿಸಿ. ಅಂಗಿಯ ಒಳಗಿನ ಎದೆಯ ಭಾಗ ಮುಖ್ಯ. ಬಟ್ಟೆ ಗಾಳಿಯನ್ನು ತಡೆದು ಘಮವನ್ನು ನಿಧಾನವಾಗಿ ಬಿಡುತ್ತದೆ. ಗಾಳಿಗೆ ಸಿಂಪಡಿಸಿ ಅದರೊಳಗೆ ನಡೆದುಹೋಗುವ ಪದ್ಧತಿಯಲ್ಲಿ ಸಾಕಷ್ಟು ನೆಲದ ಪಾಲು. ಮಣಿಕಟ್ಟುಗಳನ್ನು ಉಜ್ಜಿಕೊಂಡರೆ ಅಣುಗಳು ಒಡೆಯುತ್ತವೆ ಎಂಬ ಮಾತು ಸುಳ್ಳು. ಆದರೆ ಉಜ್ಜಿದಾಗ ಬಿಸಿಯೇರಿ, ದ್ರವ ತೆಳುವಾಗಿ ಹರಡಿ, ಮೇಲಿನ ಸಿಟ್ರಸ್ ಇನ್ನಷ್ಟು ಬೇಗ ಹೋಗುವುದು ನಿಜ. ಉಜ್ಜದಿರುವುದೇ ಲೇಸು.

ಒಂದು ಸಲ ಒತ್ತಿದರೆ ಬರುವುದು ಸುಮಾರು 0.1 ಮಿಲಿ. ಬೆಳಗ್ಗೆ ಐದು, ಮಧ್ಯಾಹ್ನ ಮೂರು ಎಂದರೆ 100 ಮಿಲಿ ಬಾಟಲಿ ನಾಲ್ಕು ತಿಂಗಳು ಬರುತ್ತದೆ. ಮಧ್ಯಾಹ್ನಕ್ಕೆ 5 ಮಿಲಿಯ ಪುಟ್ಟ ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಂಡು ಹೋಗಿ.

ಇನ್ನೊಂದು ಸಾಧ್ಯತೆಯೂ ಇದೆ: ಘಮ ಹೋಗಿಲ್ಲ, ನಿಮ್ಮ ಮೂಗಿಗೆ ಒಗ್ಗಿಹೋಗಿದೆ. ಮಸ್ಕ್ ಮತ್ತು ಅಂಬರ್ ಘಮದ ಅಂಬ್ರಾಕ್ಸಾನ್ ಎಂಬ ವಸ್ತುವಿನ ವಿಷಯದಲ್ಲಿ ಇದು ಸಾಮಾನ್ಯ. ಕೆಲವು ಮಸ್ಕ್‌ಗಳ ವಾಸನೆ ಕೆಲವರಿಗೆ ಹುಟ್ಟಾ ಗೊತ್ತೇ ಆಗುವುದಿಲ್ಲ. ಮೂರು ಗಂಟೆ ಬಿಟ್ಟು ಬೇರೊಬ್ಬರನ್ನು ಕೇಳಿ ನೋಡಿ, ಆಮೇಲೆ ಮತ್ತೆ ಹಾಕಿಕೊಳ್ಳಿ. ಕೇಳದೆ ಮೇಲಿಂದ ಮೇಲೆ ಹಾಕಿಕೊಂಡರೆ ಅಕ್ಕಪಕ್ಕದವರಿಗೆ ತಲೆನೋವು.

ಪ್ರಶ್ನೆ: ನಾನೂ ನನ್ನ ಯಜಮಾನರೂ ಒಂದೇ ಬಾಟಲಿ ಬಳಸುತ್ತೇವೆ. ಅವರ ಮೈಮೇಲೆ ಸೊಪ್ಪಿನ ಘಾಟು ಜಾಸ್ತಿ, ನನ್ನ ಮೇಲೆ ಬರೀ ಸಿಹಿ. ಹೆಂಗಸರ, ಗಂಡಸರ ಚರ್ಮದ ವ್ಯತ್ಯಾಸವೇ?

ಉತ್ತರ: ಗಂಡು ಹೆಣ್ಣಿಗಿಂತ ಹೆಚ್ಚಾಗಿ ಚರ್ಮದ ಜಿಡ್ಡು, ಶಾಖ ಮತ್ತು ಅದರ ಮೇಲೆ ಮೊದಲೇ ಇರುವ ವಾಸನೆಗಳ ವ್ಯತ್ಯಾಸ. ಜಿಡ್ಡಿನ ಚರ್ಮ ಮೇಲಿನ ಘಮವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ರೋಸ್‌ಮೇರಿ, ಲ್ಯಾವೆಂಡರ್ ಹೆಚ್ಚು ಹೊತ್ತು ಗೊತ್ತಾಗುತ್ತವೆ. ಒಣಚರ್ಮದಲ್ಲಿ ಅವು ಬೇಗ ಹೊರಟುಹೋಗಿ ಕೆಳಗಿನ ಮಸ್ಕ್, ಹೂವಿನ ಸಿಹಿ ಮುಂದೆ ಬರುತ್ತದೆ. ಗಡ್ಡವಿದ್ದರೆ ಕೂದಲಲ್ಲಿ ಇನ್ನೂ ಹೆಚ್ಚು ಸಮಯ ನಿಲ್ಲುತ್ತದೆ. ನೀವು ಬಳಸುವ ಬಾಡಿ ಲೋಷನ್, ತಲೆಗೆ ಹಚ್ಚುವ ಎಣ್ಣೆ, ಬಟ್ಟೆಗೆ ಹಾಕುವ ಸಾಫ್ಟ್‌ನರ್ ಇವುಗಳಲ್ಲಿ ಸಿಹಿ ಪರಿಮಳ ಇದೆಯೇ ನೋಡಿ. ಬಹಳ ಸಲ ಕಾರಣ ಅಲ್ಲೇ ಇರುತ್ತದೆ.

ಪತ್ತೆ ಹಚ್ಚುವುದು ಸುಲಭ. ಒಂದು ದಿನ ಇಬ್ಬರೂ ವಾಸನೆಯಿಲ್ಲದ ಒಂದೇ ಸೋಪಿನಿಂದ ಮುಂಗೈ ತೊಳೆದು, ಲೋಷನ್ ಹಚ್ಚದೆ, ಒಂದೊಂದು ಸಲ ಸಿಂಪಡಿಸಿಕೊಳ್ಳಿ. ಜೊತೆಗೆ ಒಂದು ಕಾಗದದ ಪಟ್ಟಿಗೂ ಸಿಂಪಡಿಸಿಡಿ. 10 ನಿಮಿಷ, 1 ಗಂಟೆ, 3 ಗಂಟೆಗೆ ಮೂರನ್ನೂ ಮೂಸಿ. ವ್ಯತ್ಯಾಸ ಬಹುತೇಕ ಇಲ್ಲವಾಗಿದ್ದರೆ ದೋಷ ಲೋಷನ್ನಿನದು. ಆಗಲೂ ಸಿಹಿಯೇ ಇದ್ದರೆ ನೀವು ಚರ್ಮದ ಬದಲು ಹತ್ತಿ ಬಟ್ಟೆಯ ಮೇಲೆ ಹಾಕಿಕೊಳ್ಳಿ. ಬಟ್ಟೆಯಲ್ಲಿ ಸೊಪ್ಪಿನ ಭಾಗ ಉಳಿಯುತ್ತದೆ.

ಪ್ರಶ್ನೆ: ಬರ್ಗಮಾಟ್ ಇರುವ ಕಲೋನ್ ಹಚ್ಚಿ ಬಿಸಿಲಿಗೆ ಹೋದರೆ ಕತ್ತಿನ ಮೇಲೆ ಕಪ್ಪು ಕಲೆ ಬೀಳುತ್ತದಂತೆ, ನಿಜವೇ?

ಉತ್ತರ: ಬೀಳಬಹುದು. ಸಿಪ್ಪೆಯನ್ನು ಹಿಂಡಿ ತೆಗೆದ ಬರ್ಗಮಾಟ್ ಎಣ್ಣೆಯಲ್ಲಿ ಬರ್ಗಾಪ್ಟೀನ್ ಎಂಬ ಫ್ಯುರೊಕೂಮರಿನ್ ಇರುತ್ತದೆ. ಅದು ಚರ್ಮದ ಮೇಲಿದ್ದಾಗ ಬಿಸಿಲಿನ ಯುವಿಎ ಕಿರಣ ತಾಗಿದರೆ ಸುಟ್ಟಂತೆ ಕೆಂಪಾಗಿ, ಒಂದೆರಡು ದಿನದಲ್ಲಿ ಗುಳ್ಳೆ ಎದ್ದು, ಕೊನೆಗೆ ಕಂದು ಕಲೆ ಉಳಿಯುತ್ತದೆ. ಆ ಕಲೆ ತಿಂಗಳುಗಟ್ಟಲೆ ಹೋಗದು. ದ್ರವ ಇಳಿದ ಜಾಡಿನಲ್ಲೇ, ಕತ್ತಿನಿಂದ ಎದೆಗೆ ತೊಟ್ಟಿಕ್ಕಿದ ಆಕಾರದಲ್ಲೇ ಕಲೆ ಇರುವುದು ಇದರ ಗುರುತು.

ಅದಕ್ಕಾಗಿಯೇ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ ಇಫ್ರಾ ಮಿತಿ ಹಾಕಿದೆ. ಬಿಸಿಲಿಗೆ ಬೀಳುವ ಚರ್ಮಕ್ಕೆ ಹಚ್ಚಿ ಹಾಗೇ ಬಿಡುವ ಪದಾರ್ಥದಲ್ಲಿ ಹಿಂಡಿ ತೆಗೆದ ಬರ್ಗಮಾಟ್ ನೂರಕ್ಕೆ 0.4, ಲೈಮ್ (ನಮ್ಮಲ್ಲಿನ ಸಣ್ಣ ನಿಂಬೆ) 0.7, ಲೆಮನ್ (ದೊಡ್ಡ ಹಳದಿ ನಿಂಬೆ) 2ನ್ನು ಮೀರುವಂತಿಲ್ಲ. ಈಗಿನ ಹೆಸರಾಂತ ಪರ್ಫ್ಯೂಮುಗಳಲ್ಲಿ ಸಾಮಾನ್ಯವಾಗಿ ಬರ್ಗಾಪ್ಟೀನ್ ತೆಗೆದ ಎಣ್ಣೆಯನ್ನೇ ಬಳಸುತ್ತಾರೆ. ಅಪಾಯ ಹೆಚ್ಚಿರುವುದು ಹಳೆಯ ಕಾಲದ ಬಾಟಲಿಗಳಲ್ಲಿ, ಮತ್ತು ಎಸೆನ್ಷಿಯಲ್ ಎಣ್ಣೆಯನ್ನು ನೇರವಾಗಿ ಚರ್ಮಕ್ಕೆ ಹಚ್ಚಿಕೊಳ್ಳುವವರಿಗೆ. ಅನುಮಾನವಿದ್ದರೆ ಬಟ್ಟೆಯಿಂದ ಮುಚ್ಚಿದ ಭಾಗಕ್ಕೆ ಮಾತ್ರ ಹಾಕಿಕೊಳ್ಳಿ. ಕಲೆ ಈಗಾಗಲೇ ಬಿದ್ದಿದ್ದರೆ ನಿಂಬೆರಸ ಹಚ್ಚಿ ತೆಗೆಯಲು ಹೋಗಬೇಡಿ, ಅದರಲ್ಲೂ ಇದೇ ಜಾತಿಯ ವಸ್ತುಗಳಿವೆ. ಬಾಟಲಿಯನ್ನು ಜೊತೆಗೆ ಒಯ್ದು ಚರ್ಮವೈದ್ಯರಿಗೆ ತೋರಿಸಿ.

ಪ್ರಶ್ನೆ: ವರ್ಷಗಳಿಂದ ಇಟ್ಟಿದ್ದ ಸಿಟ್ರಸ್ ಪರ್ಫ್ಯೂಮ್ ಈಗ ಟರ್ಪೆಂಟೈನ್ ವಾಸನೆ ಹೊಡೆಯುತ್ತಿದೆ, ಬಣ್ಣವೂ ಗಾಢವಾಗಿದೆ. ಬಿಸಾಡಬೇಕೇ?

ಉತ್ತರ: ಮೊದಲು ಮೂರು ಸಲ ಗಾಳಿಗೆ ಸಿಂಪಡಿಸಿ ಬಿಟ್ಟುಬಿಡಿ. ಬಹಳ ದಿನ ಮುಟ್ಟದ ಬಾಟಲಿಯ ಕೊಳವೆಯಲ್ಲಿ ನಿಂತ ದ್ರವ ಮಾತ್ರ ಕೆಟ್ಟಿರುವುದುಂಟು. ನಾಲ್ಕನೆಯದನ್ನು ಕಾಗದಕ್ಕೆ ಹಾಕಿ, ಸ್ಪಿರಿಟ್ ಹಾರಲು ಒಂದು ನಿಮಿಷ ಬಿಟ್ಟು ಮೂಸಿ. ಹಣ್ಣಿನ ತಾಜಾತನದ ಜಾಗದಲ್ಲಿ ಬಣ್ಣದ ಡಬ್ಬಿಯ ವಾಸನೆಯೇ ಇದ್ದರೆ ಲಿಮೊನೀನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಟ್ಟಿದೆ. ಹೀಗೆ ಕೆಟ್ಟ ಲಿಮೊನೀನ್‌ನಿಂದ ಹುಟ್ಟುವ ಹೈಡ್ರೋಪೆರಾಕ್ಸೈಡ್‌ಗಳು ಚರ್ಮಕ್ಕೆ ಅಲರ್ಜಿ ತರುವಂಥವು. ತಾಜಾ ಎಣ್ಣೆ ಒಗ್ಗುವವರಿಗೂ ಇದು ತುರಿಕೆ ತರಬಹುದು. ಮೈಗೆ ಬೇಡವೇ ಬೇಡ.

ಬಣ್ಣ ಗಾಢವಾದದ್ದು ಒಂದೇ ಆದರೆ ಭಯವಿಲ್ಲ. ನೈಸರ್ಗಿಕ ಎಣ್ಣೆ, ವೆನಿಲಿನ್ ಇರುವ ಪರ್ಫ್ಯೂಮು ವಾಸನೆ ಕೆಡದೆಯೂ ಬಣ್ಣ ತಿರುಗುತ್ತದೆ. ಸಿಟ್ರಸ್ ಬಾಟಲಿಯನ್ನು ತೆರೆದ ಮೇಲೆ ಎರಡು ಮೂರು ವರ್ಷದಲ್ಲಿ ಮುಗಿಸುವುದು ಒಳ್ಳೆಯದು. ಅದರ ಪೆಟ್ಟಿಗೆಯಲ್ಲೇ, ಕತ್ತಲಲ್ಲಿ, 15ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಬಚ್ಚಲುಮನೆಯ ಕಪಾಟು ಅತ್ಯಂತ ಕೆಟ್ಟ ಜಾಗ, ಅಲ್ಲಿ ದಿನವೂ ಬಿಸಿ ಏರಿ ಇಳಿಯುತ್ತದೆ. ಕಾಲುಭಾಗ ಉಳಿದ ದೊಡ್ಡ ಬಾಟಲಿಯಲ್ಲಿ ಗಾಳಿ ಹೆಚ್ಚಿರುವುದರಿಂದ ಅದನ್ನು ಮೊದಲು ಖಾಲಿ ಮಾಡಿ.

ಪ್ರಶ್ನೆ: ಇಂಥದ್ದೊಂದು ಪರ್ಫ್ಯೂಮನ್ನು ಮನೆಯಲ್ಲೇ ಮಾಡಬಹುದೇ? ಅಳತೆ ತಿಳಿಸಿ.

ಉತ್ತರ: ಮಾಡಬಹುದು. ಹನಿ ಲೆಕ್ಕ ಬೇಡ. ಒಂದೊಂದು ಎಣ್ಣೆಯ ಹನಿಯೂ ಒಂದೊಂದು ಗಾತ್ರ. 0.01 ಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಳ್ಳಿ.

ಒಟ್ಟು 5 ಗ್ರಾಂ ಸುಗಂಧಕ್ಕೆ: ಬರ್ಗಾಪ್ಟೀನ್ ತೆಗೆದ ಬರ್ಗಮಾಟ್ 1.75 ಗ್ರಾಂ, ನಿಂಬೆ (ಲೆಮನ್) ಸಿಪ್ಪೆಯ ಎಣ್ಣೆ 0.60, ಸಿಹಿ ಕಿತ್ತಳೆ 0.40, ಪೆಟಿಗ್ರೇನ್ 0.50, ಲ್ಯಾವೆಂಡರ್ 0.40, ರೋಸ್‌ಮೇರಿ 0.15, ಕಹಿ ಕಿತ್ತಳೆ ಹೂವಿನ ನೆರೋಲಿ 0.10, ಹೆಡಿಯೋನ್ 0.60, ಮರದ ಘಮದ ಐಸೊ ಇ ಸೂಪರ್ 0.30, ಎಥಿಲೀನ್ ಬ್ರಾಸಿಲೇಟ್ ಎಂಬ ಮಸ್ಕ್ 0.20.

ಗಾಜಿನ ಬೀಕರಿನಲ್ಲಿ ಪಟ್ಟಿಯ ಕೊನೆಯ ಭಾರದ ಮೂರನ್ನು ಮೊದಲು ತೂಗಿ. ನಂತರ ಲ್ಯಾವೆಂಡರ್, ರೋಸ್‌ಮೇರಿ, ಪೆಟಿಗ್ರೇನ್, ನೆರೋಲಿ. ಹಾರಿಹೋಗುವ ಹಣ್ಣಿನ ಎಣ್ಣೆಗಳು ಕೊನೆಗೆ. ರೋಸ್‌ಮೇರಿಯಲ್ಲಿ ಕೈ ಬಿಗಿಯಿರಲಿ, 0.30 ಆದರೆ ನೋವಿನ ಮುಲಾಮು ಆಗುತ್ತದೆ. ಒಮ್ಮೆ ಹೆಚ್ಚು ಬಿದ್ದದ್ದನ್ನು ತೆಗೆಯಲಾಗದು, ಉಳಿದದ್ದನ್ನೆಲ್ಲ ಅದೇ ಅನುಪಾತದಲ್ಲಿ ಹೆಚ್ಚಿಸುವುದೊಂದೇ ದಾರಿ. ಮಿಶ್ರಣವನ್ನು ಮುಚ್ಚಿ ಎರಡು ದಿನ ಕತ್ತಲಲ್ಲಿಡಿ.

ಆಮೇಲೆ 45 ಗ್ರಾಂ ಪರ್ಫ್ಯೂಮರ್ಸ್ ಆಲ್ಕೋಹಾಲ್ (ಪರ್ಫ್ಯೂಮ್ ಮಾಡಲೆಂದೇ ಸಿಗುವ ಆಲ್ಕೋಹಾಲ್) ಸೇರಿಸಿದರೆ ನೂರಕ್ಕೆ 10ರ ಓ ದ ಟಾಯ್ಲೆಟ್ ಸಿದ್ಧ. ನಿಂಬೆ ಎಣ್ಣೆ ಇಡೀ ದ್ರವದಲ್ಲಿ ನೂರಕ್ಕೆ 1.2 ಮಾತ್ರವಾಗುವುದರಿಂದ ಮೇಲೆ ಹೇಳಿದ ಮಿತಿಯೊಳಗೇ ಇರುತ್ತದೆ. ಬರ್ಗಮಾಟ್ ಮಾತ್ರ ಬರ್ಗಾಪ್ಟೀನ್ ತೆಗೆದದ್ದೇ ಆಗಿರಬೇಕು. ಮಾಮೂಲಿ ಎಣ್ಣೆ ಹಾಕಿದರೆ ಅದು 3.5 ಆಗಿ ಮಿತಿಯ ಎಂಟು ಪಟ್ಟು ಮೀರುತ್ತದೆ. ಆಸ್ಪತ್ರೆಯ ಸ್ಪಿರಿಟ್, ಸ್ಯಾನಿಟೈಸರ್ ಬಳಸಬೇಡಿ. ಅವುಗಳ ಸ್ವಂತ ವಾಸನೆ ಹೋಗುವುದಿಲ್ಲ. ಬೆಂಕಿ, ಒಲೆ, ದೀಪ ಹತ್ತಿರವಿರಬಾರದು.

ಮೂರು ವಾರ ತಂಪಾದ ಕತ್ತಲೆಯಲ್ಲಿಟ್ಟು, ವಾರಕ್ಕೆರಡು ಸಲ ಮೆಲ್ಲಗೆ ಅಲುಗಿಸಿ. ಕೊನೆಗೆ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಹಿಂಡಿ ತೆಗೆದ ಎಣ್ಣೆಯಲ್ಲಿ ಸಿಪ್ಪೆಯ ಮೇಣ ಇರುತ್ತದೆ, ತಣಿದಾಗ ಅದು ಮಬ್ಬಾಗಿ ಬೇರ್ಪಡುತ್ತದೆ. ಸೋಸಿದ ಮೇಲೂ ಹಾಲಿನಂತೆ ಬೆಳ್ಳಗಿದ್ದರೆ ಆಲ್ಕೋಹಾಲಿನಲ್ಲಿ ನೀರು ಹೆಚ್ಚಾಗಿದೆ ಎಂದರ್ಥ. ಲಿಮೊನೀನ್ ನೀರಿನಲ್ಲಿ ಕರಗದು. ಸ್ವಲ್ಪ ಸ್ವಲ್ಪವೇ ಆಲ್ಕೋಹಾಲ್ ಸೇರಿಸುತ್ತಾ ತಿಳಿಯಾಗುವವರೆಗೆ ನೋಡಿ. ಮೈಗೆ ಹಾಕಿಕೊಳ್ಳುವ ಮುಂಚೆ ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ.

ಸ್ವಭಾವ ಬದಲಿಸಬೇಕೆಂದರೆ ಹಣ್ಣನ್ನು ಮುಟ್ಟಬೇಡಿ. ಲ್ಯಾವೆಂಡರ್ ಅರ್ಧ ಇಳಿಸಿ, ಆ 0.20 ಗ್ರಾಂನಷ್ಟು ಲಾವಂಚದ ಎಣ್ಣೆ ಹಾಕಿದರೆ ಒಣಗಿದ, ಮಣ್ಣಿನ ವಾಸನೆಯ, ವಯಸ್ಸಿನ ಘನತೆ ಬರುತ್ತದೆ. ಅದರ ಬದಲು ಏಲಕ್ಕಿ ಎಣ್ಣೆ 0.05 ಗ್ರಾಂ ಸಾಕು, ಘಮ ಬೆಚ್ಚಗಾಗಿ ಹತ್ತಿರ ಬಂದು ಕೂರುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಒಂದೇ ಸಲಕ್ಕೆ ಎಷ್ಟು ಪರ್ಫ್ಯೂಮ್ ಮೂಸಿ ನೋಡಬಹುದು? ನಡುನಡುವೆ ಕಾಫಿ ಬೀಜ ಮೂಸಬೇಕೇ?

ಉತ್ತರ: ಕಾಗದದ ಪಟ್ಟಿಯಲ್ಲಿ ನಾಲ್ಕೈದು, ಕೈಮೇಲೆ ಎರಡು, ಅಷ್ಟು ಸಾಕು. ಕಾಫಿ ಬೀಜಕ್ಕೆ ಮೂಗು ತೊಳೆಯುವ ವಿಶೇಷ ಶಕ್ತಿಯಿಲ್ಲ. ಹೊರಗೆ ಹೋಗಿ ಬರೀ ಗಾಳಿ ಉಸಿರಾಡಿ, ಅಥವಾ ನಿಮ್ಮ ಅಂಗಿಯ ತೋಳನ್ನೇ ಮೂಸಿ. ಪಟ್ಟಿಯ ಮೇಲೆ ಹೆಸರು, ಸಮಯ ಬರೆದಿಟ್ಟುಕೊಂಡು ಮನೆಗೆ ತನ್ನಿ. ಅಂದೇ ಕೊಳ್ಳಬೇಡಿ.

ಪ್ರಶ್ನೆ: ಬಟ್ಟೆಯ ಮೇಲೆ ಸಿಂಪಡಿಸಿದರೆ ಕಲೆಯಾಗುತ್ತದೆಯೇ?

ಉತ್ತರ: ಬಣ್ಣವಿಲ್ಲದ ದ್ರವ ಹತ್ತಿ, ಲಿನನ್ ಮೇಲೆ ಸಾಮಾನ್ಯವಾಗಿ ಕಲೆ ಮಾಡದು. ಹಳದಿ ಅಥವಾ ಹಸಿರು ಛಾಯೆಯಿದ್ದರೆ ಬಿಳಿ ಬಟ್ಟೆಗೆ ಬೇಡ. ರೇಷ್ಮೆಗೆ ಯಾವುದನ್ನೂ ನೇರ ಹಾಕಬೇಡಿ. ಒಳಗಿನ ಹತ್ತಿಯ ಬಟ್ಟೆಗೆ 20 ಸೆಂಟಿಮೀಟರ್ ದೂರದಿಂದ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ರೇಷ್ಮೆಯನ್ನು ಉಡಿ.